ಮುಲ್ಕಿಯೂ ಮಗನ ಜಡೆಯೂ

ಯಾರ ಮನೆಗೆ ಹೋದರೂ ಚಾಪೆಯ ಅಂಚಿನಲ್ಲಿ ಕೂರುವ ಸ್ವಭಾವ ನನ್ನದು. "ಒಳಗ ಸರೀರಿ ಮಾಸ್ತರ್" ಎಂದು ಮನೆಯವರು ಎಷ್ಟು ಹೇಳಿದರೂ ಅರ್ಧ ಮೈ ನೆಲದ ಮೇಲೇ ಇರುತ್ತದೆ. ಯಾವ ಗಳಿಗೆಯಲ್ಲಿ ಯಾರು ಎದ್ದು ಹೋಗು ಎನ್ನುತ್ತಾರೋ ಎಂಬ ಅಳುಕು. ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ನೀಲವ್ವ ಇದನ್ನು ವಿನಯವೆಂದು ತಿಳಿದು ಸಂತೋಷಪಟ್ಟಿದ್ದಳು. ಅದು ವಿನಯವಲ್ಲ, ಬರೀ ಹೆದರಿಕೆ ಎಂದು ಗೊತ್ತಾಗುವ ಹೊತ್ತಿಗೆ ಕಾಲ ಮಿಂಚಿತ್ತು.

ಹೆದರಿಕೆಗೆ ಕಾರಣವಿಲ್ಲದೆ ಇಲ್ಲ. ನಾನು ಹುಟ್ಟಿದ್ದು ತುಂಗಭದ್ರೆಯ ಆಚೆ, ಆದವಾನಿ ಕಡೆಯ ಒಂದು ಕುರುಬರ ಹಳ್ಳಿಯಲ್ಲಿ. ಅದು ಇಂಗ್ರೇಜಿ ಸೀಮೆ. ನಾನೀಗ ಇರುವ ನಾರಾಯಣಪೇಟೆ ನಿಜಾಮರ ಸೀಮೆ. ಕಂಬಳಿ ಮಾರುವ ಚಿಕ್ಕಪ್ಪನ ಬೆನ್ನು ಹತ್ತಿ ಚಿಕ್ಕಂದಿನಲ್ಲಿ ಇಲ್ಲಿಗೆ ಬಂದೆ. ಕಂಬಳಿ ಮಾರಿ ಮುಗಿಸಿ ಚಿಕ್ಕಪ್ಪ ಊರಿಗೆ ಹೋದ. ಓದಿಸುತ್ತೇವೆಂದ ಪುಣ್ಯಾತ್ಮರ ಜಗಲಿಯಲ್ಲಿ ನಾನು ಉಳಿದೆ. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ತೆಲುಗು, ಶಾಲೆಯಲ್ಲಿ ಉರ್ದು ಮಾತಾಡುತ್ತ ಬೆಳೆದು, ಅದೇ ಉರ್ದುವಿನಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಡುವ ಸರಕಾರಿ ಮಾಸ್ತರನಾದೆ. ಆದರೆ ಹಂಗಾಮಿ. ಕಾಯಂ ಆಗಬೇಕಾದರೆ ಮುಲ್ಕಿ ಆಗಬೇಕು. ಮುಲ್ಕು ಎಂದರೆ ದೇಶ. ಮುಲ್ಕಿ ಎಂದರೆ ಈ ದೇಶದವನು. ಹಾಗೆಂದು ಸರಕಾರವೇ ಒಪ್ಪಿ ಸರ್ಟಿಫಿಕೇಟು ಕೊಡಬೇಕು. ಕೊಡದಿದ್ದರೆ ನನ್ನ ಕುರ್ಚಿಗೆ ಮುಲ್ಕಿಯಾದ ಇನ್ನೊಬ್ಬ ಬರುತ್ತಾನೆ, ನಾನು ಕಂಬಳಿ ಹೊರಲು ಕಲಿಯಬೇಕಾಗುತ್ತದೆ.

ಇಲ್ಲಿ ಹುಟ್ಟದವನಿಗೆ ಕಾನೂನು ಎರಡು ಷರತ್ತು ಹಾಕಿತ್ತು. ಹದಿನೈದು ವರ್ಷ ಎಡೆಬಿಡದೆ ಇಲ್ಲಿ ವಾಸವಾಗಿರಬೇಕು. ಜೊತೆಗೆ, ಹುಟ್ಟಿದೂರಿಗೆ ಮರಳುವ ವಿಚಾರವನ್ನು ಬಿಟ್ಟಿದ್ದೇನೆಂದು ಪ್ರಮಾಣ ಮಾಡಬೇಕು. ಮೊದಲನೆಯದನ್ನು ಯಾರಾದರೂ ಮಾಡಿಯಾರು, ಸುಮ್ಮನೆ ಇದ್ದರಾಯಿತು. ಎರಡನೆಯದು ನನ್ನನ್ನು ಕಾಡಿತು. ವಿಚಾರವನ್ನು ಬಿಟ್ಟಿದ್ದೇನೋ ಇಲ್ಲವೋ ಎಂದು ನೋಡಿಕೊಳ್ಳಬೇಕಾದರೂ ಆ ವಿಚಾರವನ್ನು ಒಮ್ಮೆ ಮಾಡಲೇಬೇಕಲ್ಲ! ಹೀಗೆ ನೋಡಿಕೊಳ್ಳುತ್ತ ದಿನಕ್ಕೆ ನಾಲ್ಕಾರು ಸಲ ನಾನು ಊರಿಗೆ ಹೋಗಿ ಬರುತ್ತಿದ್ದೆ.

ಮನಸ್ಸಿಗೆ ಸಮಾಧಾನ ಬೇಕಾದಾಗ ಬೇರೆಯವರ ಮುಲ್ಕಿಯ ಬಗ್ಗೆ ಯೋಚಿಸುತ್ತಿದ್ದೆ. ಮಾಗನೂರಿನ ಹತ್ತಿರ ಹರಿಯುವ ಕೃಷ್ಣೆಯನ್ನೇ ನೋಡಿ. ಹುಟ್ಟಿದ್ದು ಮುಂಬಯಿ ಇಲಾಖೆಯಲ್ಲಿ, ಸಮುದ್ರ ಸೇರುವುದು ಮದರಾಸು ಇಲಾಖೆಯಲ್ಲಿ. ನಮ್ಮ ಸೀಮೆಯಲ್ಲಿ ಆಕೆ ಒಂದು ದಿನವೂ ನಿಂತವಳಲ್ಲ, ಆದರೂ ನಮ್ಮ ಕೃಷ್ಣೆ. ನಾರಾಯಣಪೇಟೆಯ ಸೀರೆ ನೇಯುವವರ ಹಿರಿಯರು ಯಾವುದೋ ಕಾಲದಲ್ಲಿ ಯಾವುದೋ ದಂಡಿನ ಜೊತೆ ಬಂದು, ದಂಡು ಮುಂದೆ ಹೋದ ಮೇಲೆ ಇಲ್ಲೇ ಉಳಿದವರಂತೆ. ಈಗ ಆ ಚೌಕಳಿಯ ಸೀರೆಗೆ ಊರಿನದೇ ಹೆಸರು. ಇನ್ನು ಗದ್ವಾಲದ ಸೀರೆಯ ಒಡಲು ಹತ್ತಿ, ಸೆರಗು ರೇಷ್ಮೆ; ಮಗ್ಗದಲ್ಲೇ ಎಳೆಗೆ ಎಳೆ ಕೂಡಿಸಿ ಒಂದು ಮಾಡುತ್ತಾರೆ. ಉಟ್ಟವಳನ್ನು ಯಾರೂ ನೀನು ಹತ್ತಿಯೋ ರೇಷ್ಮೆಯೋ ಎಂದು ಕೇಳುವುದಿಲ್ಲ. ಇದೆಲ್ಲ ಯೋಚಿಸಿದಾಗ ಮನಸ್ಸು ಹಗುರಾಗುತ್ತಿತ್ತು. ತಹಸೀಲು ಕಚೇರಿಯ ಜವಾನ ಎದುರಿಗೆ ಸಿಕ್ಕ ಕೂಡಲೇ ಮತ್ತೆ ಭಾರವಾಗುತ್ತಿತ್ತು.

ಎಡೆಬಿಡದೆ ಎಂಬ ಮಾತನ್ನು ನಾನು ತುಸು ಹೆಚ್ಚಾಗಿಯೇ ಮನಸ್ಸಿಗೆ ಹಚ್ಚಿಕೊಂಡೆ. ಮದುವೆಗೂ ನಾನು ತುಂಗಭದ್ರೆ ದಾಟಲಿಲ್ಲ. ಹೆಣ್ಣಿನವರೇ ನೀಲವ್ವನನ್ನು ರಾಯಚೂರಿಗೆ ಕರೆತಂದು ಧಾರೆ ಎರೆದುಕೊಟ್ಟರು. ಒಮ್ಮೆ ಗೆಳೆಯನೊಬ್ಬ ಗದ್ವಾಲಕ್ಕೆ ಮದುವೆಗೆ ಕರೆದ. ಗದ್ವಾಲ ಸಂಸ್ಥಾನವಲ್ಲವೇ, ಅದಕ್ಕೊಬ್ಬ ರಾಜ ಇದ್ದಾನಲ್ಲವೇ, ಅಲ್ಲಿ ಎರಡು ದಿನ ಉಂಡು ಬಂದರೆ ನನ್ನ ವಾಸ ಮುರಿದು ಬಿದ್ದೀತೇ ಎಂದು ಮಕ್ತಲದ ವಕೀಲರನ್ನು ಕೇಳಿದೆ. ಅವರು ಕನ್ನಡಕ ತೆಗೆದು ನನ್ನನ್ನು ದಿಟ್ಟಿಸಿದರು.

"ಮಾಸ್ತರ್, ಗದ್ವಾಲ ಏನು ವಿಲಾಯತಿದಾಗ ಐತೇನ್ರಿ? ಅದೂ ನಿಜಾಮ್ ಸರಕಾರದ್ದs. ಹೋಗ್ರಿ, ಹೊಟ್ಟಿ ತುಂಬ ಉಂಡು ಬರ್ರಿ."

ಹೋಗಲಿಲ್ಲ. ವಕೀಲರ ಮಾತನ್ನು ಯಾರು ನಂಬಬೇಕು!

ಇಂಥ ನನಗೆ ಒಬ್ಬ ಮಗ ಹುಟ್ಟಿದ. ಮಾಳಪ್ಪ. ನಮ್ಮಲ್ಲಿ ಮೊದಲ ಮಗನ ಜವಳ, ಅಂದರೆ ಮೊದಲ ಸಲ ಕೂದಲು ತೆಗೆಸುವುದು, ಮನೆದೇವರಾದ ಬೀರಪ್ಪನ ಗುಡಿಯ ಮುಂದೆಯೇ ಆಗಬೇಕು. ಬೀರಪ್ಪ ಇದ್ದದ್ದು ಹುಟ್ಟಿದೂರಿನಲ್ಲಿ, ತುಂಗಭದ್ರೆಯ ಆಚೆ. ಅವ್ವ ಮೇಲಿಂದ ಮೇಲೆ ಹೇಳಿ ಕಳಿಸಿದಳು. ಮುಲ್ಕಿ ಆಗಲಿ, ಆಮೇಲೆ ಎಂದು ನಾನು ಮೇಲಿಂದ ಮೇಲೆ ಮುಂದೂಡಿದೆ. ಸರಕಾರ ತಡಮಾಡಿತು, ಕೂದಲು ತಡಮಾಡಲಿಲ್ಲ. ಹುಡುಗನಿಗೆ ಐದು ತುಂಬುವ ಹೊತ್ತಿಗೆ ನೀಲವ್ವ ದಿನಾ ಬೆಳಿಗ್ಗೆ ಅವನಿಗೆ ಎರಡು ಜಡೆ ಹಾಕಿ ಕೆಂಪು ದಾರ ಕಟ್ಟುತ್ತಿದ್ದಳು. ಅವನು ಆ ಜಡೆಗಳನ್ನು ಬೀಸುತ್ತ ಗೋಲಿ ಆಡಲು ಓಡುತ್ತಿದ್ದ.

ಕೊನೆಗೂ ನನ್ನ ಅರ್ಜಿ ಕದಲಿತು. ವಿಚಾರಣೆಗೆಂದು ತಹಸೀಲು ಕಚೇರಿಯ ತನಿಖಾ ಅಧಿಕಾರಿ ಗಿರ್ದಾವರರು ಮನೆಗೇ ಬಂದರು. ದಪ್ಪ ಮೀಸೆಯ, ಸಾವಧಾನದ ಮನುಷ್ಯ. ನಮ್ಮ ಪಕ್ಕದ ಮನೆಯ ನೇಕಾರ ಸಾಯಣ್ಣ ಸಾಕ್ಷಿಗೆ ಬಂದು, ನಾನು ಊರು ಬಿಟ್ಟು ಹೋದದ್ದನ್ನು ತಾನು ಕಂಡೇ ಇಲ್ಲವೆಂದು ಹೇಳಿದ. ಗಿರ್ದಾವರರು ತಲೆದೂಗಿ ಬರೆದುಕೊಂಡರು. ಚಹಾ ಆಯಿತು. ನನ್ನ ಎದೆ ಆಗತಾನೇ ನೆಟ್ಟಗಾಗುತ್ತಿತ್ತು, ಅಷ್ಟರಲ್ಲಿ ಮಾಳಪ್ಪ ಜಡೆ ಹಾರಿಸುತ್ತ ಒಳಗೆ ಬಂದ.

"ಇದೇನ್ ಮಾಸ್ತರ್, ಗಂಡುಕೂಸಿಗೆ ಇನ್ನಾ ಜವಳಾ ಮಾಡ್ಸಿಲ್ಲ?" ಎಂದರು ಗಿರ್ದಾವರರು.

ನಾನು ಬಾಯಿ ತೆರೆಯುವ ಮೊದಲೇ ನೀಲವ್ವ ಬಾಗಿಲ ಹಿಂದಿನಿಂದ ಹೇಳಿದಳು: "ಹರಕಿ ಐತ್ರಿ. ಬೀರಪ್ಪನ ಮುಂದ ಮಾಡ್ಬೇಕ್ರಿ."

"ಮಾಡ್ರಲ್ಲಾ. ಬೀರಪ್ಪನ ಗುಡಿ ಇಲ್ಲೇ ಐತಿ."

"ಐತ್ರಿ. ಅಂವ ಇಲ್ಲಿಯವ್ರ ಬೀರಪ್ಪ. ನಮ್ಮ ಬೀರಪ್ಪ ನಮ್ಮೂರಾಗ ಅದಾನ್ರಿ."

ಗಿರ್ದಾವರರ ಲೇಖಣಿ ನಿಂತಿತು. ಎಷ್ಟು ವರ್ಷ ನಾನು ರೈಲಿನ ಸದ್ದಿಗೂ ಕಿವಿಗೊಡದೆ ಇಲ್ಲಿ ಬೇರೂರಿದ್ದೆ! ಒಂದೇ ಒಂದು ಸಲ ಹೋಗಿ ಕೂದಲು ತೆಗೆಸಿಕೊಂಡು ಬಂದಿದ್ದರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಹೋಗದೆ ಉಳಿದದ್ದೇ ಹೋಗುವ ವಿಚಾರಕ್ಕೆ ಸಾಕ್ಷಿಯಾಗಿ, ಕೆಂಪು ದಾರ ಕಟ್ಟಿಕೊಂಡು ಮನೆ ತುಂಬ ಕುಣಿಯುತ್ತಿತ್ತು.

"ಮಾಸ್ತರ್, ನಾ ಹುಟ್ಟಿದ್ದು ಈ ಸೀಮ್ಯಾಗ," ಎಂದು ಗಿರ್ದಾವರರು ಎದ್ದರು. "ಹರಕಿ ಅಂದ್ರ ಏನು ಅಂತ ನನಗ ಗೊತ್ತೈತಿ. ದೇವ್ರು ಎಲ್ಲಿ ಇರ್ತಾನೋ ಮನಿ ಅಲ್ಲೇ. ಬರೋ ವಾರ ಮತ್ತ ಬರ್ತೀನಿ. ನೋಡ್ಕೋರಿ."

ನೋಡ್ಕೋರಿ ಎಂದರೆ ಏನನ್ನು ನೋಡಿಕೊಳ್ಳುವುದು? ಆ ವಾರ ನಾನು ಅನ್ನದ ರುಚಿ ಕಾಣಲಿಲ್ಲ. ತರಗತಿಯಲ್ಲಿ ಭಾಗಾಕಾರ ಹೇಳಲು ಹೋಗಿ ಗುಣಾಕಾರ ಹೇಳಿದೆ. ಇಲ್ಲಿಯ ಗುಡಿಯಲ್ಲೇ ಕೂದಲು ತೆಗೆಸೋಣವೆಂದು ನೀಲವ್ವನಿಗೆ ಕೈಮುಗಿದೆ. "ನಿಮ್ಮ ನೌಕರಿ ಸಲುವಾಗಿ ನನ್ನ ಕೂಸಿನ ತಲಿ ಮ್ಯಾಲ ದೇವ್ರ ಸಿಟ್ಟು ಹೊರಸ್ತೀರೇನು?" ಎಂದು ಅವಳು ಅತ್ತಳು. ನನಗೆ ಸರಕಾರದ ಸಿಟ್ಟಿನ ಭಯ, ಅವಳಿಗೆ ಬೀರಪ್ಪನ ಸಿಟ್ಟಿನ ಭಯ. ಯಾವುದು ದೊಡ್ಡದೆಂದು ನಿಜಕ್ಕೂ ನನಗೆ ಹೇಳಲು ಬರಲಿಲ್ಲ. ಕೊನೆಗೆ ಆದವಾನಿಗೆ ಹೊರಟಿದ್ದ ಉಣ್ಣೆ ವ್ಯಾಪಾರಿಯ ಕೈಯಲ್ಲಿ ಅವ್ವನಿಗೆ ಹೇಳಿ ಕಳಿಸಿದೆ.

ಅವ್ವ ಒಬ್ಬಳೇ ರೈಲು ಹತ್ತಿ ಬಂದಳು. ಕಂಕುಳಲ್ಲಿ ಒಂದು ಗಂಟು. ಅದರಲ್ಲಿ ಗುಡಿಯಿಂದ ತಂದ ಭಂಡಾರ, ಅಂದರೆ ದೇವರ ಅರಿಸಿನ ಪುಡಿ, ಮತ್ತು ಮುಷ್ಟಿಯಷ್ಟು ದೊಡ್ಡ ಒಂದು ಕಲ್ಲು. ಸುಂಕದ ನಾಕಾದವರು ಗಂಟು ಬಿಚ್ಚಿಸಿ ಇದೇನೆಂದು ಕೇಳಿದರಂತೆ. ದೇವರೆಂದಳಂತೆ. ದೇವರಿಗೆ ಎಷ್ಟು ಸುಂಕವೆಂದು ಅವರಿಗೂ ತಿಳಿಯದೆ ಬಿಟ್ಟರಂತೆ.

"ಹೊಸಾದೇನಲ್ಲೋ ತಮ್ಮಾ," ಎಂದಳು ನನಗೆ. "ನಿಮ್ಮಪ್ಪ ಕುರಿ ಹೊಡಕೊಂಡು ಹ್ವಾದಲ್ಲೆಲ್ಲ ಕಲ್ಲು ಇಟ್ಟು ಭಂಡಾರ ಹಚ್ಚತಿದ್ದ. ಅಷ್ಟಾದ್ರ ಬೀರಪ್ಪ ಬರ್ತಾನ."

"ಹಂಗಾದ್ರ ಇಷ್ಟು ದಿನ ಯಾಕ ಹೇಳ್ಲಿಲ್ಲವ್ವಾ?" ಎಂದು ಕೇಳಿಬಿಟ್ಟೆ.

ಅವ್ವ ಕಲ್ಲನ್ನು ಸೆರಗಿನಿಂದ ಒರೆಸುತ್ತ ಕೂತಳು. "ಹೇಳಿದ್ರ ನೀ ಎಲ್ಲಿ ಬರ್ತಿದ್ದಿ?" ಎಂದಳು.

ಮರಳುವುದಿಲ್ಲವೆಂಬ ಪ್ರಮಾಣವನ್ನು ನಾನು ಬರೀ ಮಸಿಯಲ್ಲಿ ಬರೆದಿದ್ದೆ. ಅದನ್ನು ನಿಜ ಮಾಡಲು ಅವ್ವ ಅಷ್ಟು ದೂರ ಕಲ್ಲು ಹೊತ್ತು ಬರಬೇಕಾಯಿತು. ನನಗೆ ಅಳು ಬಂತು. ಅತ್ತರೆ ಮರಳುವ ವಿಚಾರ ಇದೆಯೆಂದಾದೀತೇನೋ ಎಂಬ ಹೆದರಿಕೆಯೂ ಅದರ ಹಿಂದೆಯೇ ಬಂತು. ಇಂಥ ಮನುಷ್ಯ ನಾನು.

ಮನೆಯ ಮುಂದಿನ ಬೇವಿನ ಕಟ್ಟೆಯ ಮೇಲೆ ಕಲ್ಲು ಇಟ್ಟು ಭಂಡಾರ ಹಚ್ಚಿದೆವು. ಜವಳದ ಮೊದಲ ಕತ್ತರಿಯನ್ನು ಸೋದರಮಾವ ಹಾಕಬೇಕು. ನೀಲವ್ವನ ಅಣ್ಣಂದಿರು ಹೊಳೆಯ ಆಚೆ. ಅವಳು ಮುಖ ಸಣ್ಣದು ಮಾಡಿಕೊಂಡು ನಿಂತಳು. ಗೋಡೆಯ ಆಚೆಯಿಂದ ಮಗ್ಗದ ಸದ್ದು ನಿಂತು, ಸಾಯಣ್ಣ ಕೈ ಒರೆಸುತ್ತ ಬಂದ. "ನೇನು ಲೇನಾ ಚೆಲ್ಲೆ?" ಎಂದ. ನಾನಿಲ್ಲವೇ ತಂಗೀ ಎಂದದ್ದು ತೆಲುಗಿನಲ್ಲಾದರೂ ನೀಲವ್ವನಿಗೆ ತವರಿನ ಮಾತಿನಂತೆಯೇ ಕೇಳಿಸಿರಬೇಕು. ಕೂಡಲೇ ಮಗನನ್ನು ಅವನ ತೊಡೆಯ ಮೇಲೆ ಕೂರಿಸಿದಳು. ಜಡೆಗಳು ಬಿದ್ದವು. ಮಾಳಪ್ಪ ತಲೆ ಸವರಿಕೊಂಡು, ಅರಚಲೋ ನಗಲೋ ತಿಳಿಯದೆ ನಮ್ಮೆಲ್ಲರ ಮುಖ ನೋಡಿದ. ಅವ್ವ ಆ ಕೂದಲನ್ನು ಆಯ್ದು ಬಟ್ಟೆಯಲ್ಲಿ ಕಟ್ಟಿ, ಊರ ಬೀರಪ್ಪನಿಗೆ ಮುಟ್ಟಿಸುತ್ತೇನೆಂದು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಗಿರ್ದಾವರರು ಬಂದು ಬೋಳುತಲೆ ನೋಡಿದರು, ಕಟ್ಟೆಯ ಮೇಲಿನ ಅರಿಸಿನದ ಕಲ್ಲು ನೋಡಿದರು. ಕೈಮುಗಿದು ಹಣೆಗೆ ಭಂಡಾರ ಹಚ್ಚಿಕೊಂಡರು. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಕೆಲವು ತಿಂಗಳಿಗೆ ನಾನು ಮುಲ್ಕಿಯಾದೆ, ಅದರ ಹಿಂದೆಯೇ ಕಾಯಂ ಕೂಡ ಆದೆ.

ಸರ್ಟಿಫಿಕೇಟು ಬಂದ ಮೇಲೆ ನಿಶ್ಚಿಂತನಾದೆನೆಂದು ನೀವು ತಿಳಿದರೆ ನನ್ನ ಪರಿಚಯ ನಿಮಗಿನ್ನೂ ಆಗಿಲ್ಲ. ಇಲ್ಲದಿದ್ದಾಗ ಸಿಗುವುದೋ ಇಲ್ಲವೋ ಎಂಬ ಒಂದೇ ಚಿಂತೆ. ಸಿಕ್ಕ ಮೇಲೆ ಗೆದ್ದಲಿನ ಚಿಂತೆ, ಬೆಂಕಿಯ ಚಿಂತೆ, ಆಗದವರ ಮೂಗರ್ಜಿಯ ಚಿಂತೆ. ಮತ್ತೆ ವಕೀಲರ ಬಳಿ ಹೋದೆ. ಊರಿಗೆ ಹೋಗಿ ಬಂದರೆ ಅಡ್ಡಿಯಿಲ್ಲ, ಅಲ್ಲೇ ಮನೆ ಮಾಡಿಕೊಂಡು ಕೂತರೆ ಮಾತ್ರ ತಕರಾರು ಎಂದರು. ಈ ಸಲ ನಂಬಿದೆ. ಬೇಸಿಗೆ ರಜೆಗೆ ಹೆಂಡತಿ ಮಗನ ಜೊತೆ ರೈಲು ಹತ್ತಿದೆ. ತುಂಗಭದ್ರೆಯ ಸೇತುವೆ ದಾಟುವಾಗ ಸರ್ಟಿಫಿಕೇಟಿದ್ದ ಜೇಬಿನ ಮೇಲಿಟ್ಟ ಕೈಯನ್ನು ತೆಗೆಯಲಿಲ್ಲ.

ಮನೆಯ ಮುಂದೆ ನಿಂತಾಗ ಅವ್ವ ಅಂಗಳ ಸಾರಿಸುತ್ತಿದ್ದಳು. ನಮ್ಮನ್ನು ಕಂಡದ್ದೇ ಸಗಣಿಯ ಕೈ ತೊಳೆದು ಒಳಗೆ ಓಡಿದಳು. ತುಂಬಿದ ತಂಬಿಗೆ ತಂದು ನನ್ನ ಕಾಲ ಹತ್ತಿರ ಇಟ್ಟು, ಬೀಗರು ಬಂದಾಗ ಮಾತ್ರ ತೆಗೆಯುವ ಕಂಬಳಿಯನ್ನು ಕಟ್ಟೆಯ ಮೇಲೆ ಹಾಸಿದಳು. ನಮ್ಮ ಕಡೆ ತಂಬಿಗೆ ತಂದಿಡುವುದು ಬಂದವರಿಗೆ. ಮನೆಯವರು ಅಂಗಳದ ನೀರಿನ ಬಾನಿಯಿಂದ ತಾವೇ ಮೊಗೆದುಕೊಂಡು ಕಾಲು ತೊಳೆಯುತ್ತಾರೆ. ನಾನು ತಂಬಿಗೆಯನ್ನು ನೋಡಿದೆ. ನಾನು ನೋಡಿದ್ದನ್ನು ಅವಳು ನೋಡಿದಳು.

"ಬಾನ್ಯಾಗಿಂದ ನಾನs ತಗೋತಿದ್ನಲ್ಲವ್ವಾ" ಎಂದೆ.

"ನನಗ ಗೊತ್ತೈತಪಾ," ಎಂದಳು. "ಕೈಗೆ ಗೊತ್ತಾಗಲಿಲ್ಲ."

ನಾನು ಆ ನೀರಿನಿಂದಲೇ ಕಾಲು ತೊಳೆದೆ. ಅಷ್ಟರಲ್ಲಿ ಮಾಳಪ್ಪ ಯಾರನ್ನೂ ಕೇಳದೆ ಬಾನಿಯ ಹತ್ತಿರ ಓಡಿ, ಧೂಳಿನ ಕೈಯನ್ನು ಮೊಳಕೈವರೆಗೆ ಅದರೊಳಗೆ ಅದ್ದಿ ಮುಖಕ್ಕೆ ಎರಚಿಕೊಂಡ. "ಏ ಹೊಲಸು ಕೈಯವ್ನ! ತುಂಬಿಟ್ಟ ನೀರಾಗ ಕೈ ಹಾಕ್ತೀಯಾ!" ಎಂದು ಅವ್ವ ಕಸಬರಿಗೆ ಎತ್ತಿಕೊಂಡು ಅವನ ಬೆನ್ನು ಹತ್ತಿದಳು. ಬಂದವರನ್ನು ಹಾಗೆ ಯಾರೂ ಬೈಯುವುದಿಲ್ಲ. ಮೆತ್ತನೆಯ ಕಂಬಳಿಯ ಮೇಲೆ ಕೂತ ನನಗೆ, ಆ ಬೈಗುಳದಲ್ಲಿ ಅರ್ಧವಾದರೂ ನನಗೆ ಬೀಳಬಾರದಿತ್ತೇ ಅನ್ನಿಸಿತು.