ಮಾವನ ಕೈ, ಸೊಸೆಯ ಕಿವಿ

ಮನೆಯಲ್ಲೇ ರೇಡಿಯೋ ರಿಪೇರಿ ಮಾಡುತ್ತ ಬೀದಿಗೆಲ್ಲ ‘ರೇಡಿಯೋ ಮಾವ’ ಆಗಿದ್ದ ಅವರಿಗೆ ಎಪ್ಪತ್ತು ದಾಟಿದ ಮೇಲೂ ಬೆಸುಗೆ ಹಾಕುವಾಗ ಕೈ ನಡುಗುತ್ತಿರಲಿಲ್ಲ. ಕಿವಿಯೂ ಹಾಗೇ ಗಟ್ಟಿಯಾಗಿದೆ ಎಂದುಕೊಂಡಿದ್ದರು. ಮೂಲೆ ಅಂಗಡಿಯ ಕ್ಷೌರಿಕ ತನ್ನ ಗಿಟಾರನ್ನೂ ಹಳೇ ವಾಲ್ವ್ ಆಂಪ್ಲಿಫೈಯರನ್ನೂ ಹೊತ್ತು ತಂದ ದಿನ ಆ ನಂಬಿಕೆಗೆ ಪೆಟ್ಟು ಬಿತ್ತು.

“ಹರಿದ ಸ್ಪೀಕರ್ ತೆಗೆದು ಹೊಸದು ಹಾಕಿಸಿದೆ ಮಾವ. ಅವತ್ತಿಂದ ತಂತಿ ಮುಟ್ಟಿದ್ರೆ ಸಾಕು, ಕಿವಿ ಕೊರೆಯುತ್ತೆ. ಗಿರಾಕಿಗಳು ಅರ್ಧ ಗಡ್ಡದಲ್ಲೇ ಎದ್ದು ಹೋಗ್ತಾರೆ” ಎಂದು ಬಾರಿಸಿ ತೋರಿಸಿದ.

“ಜೇನು ಸುರಿದ ಹಾಗಿದೆಯಲ್ಲೋ! ಎಲ್ಲಿ ಕೊರೆಯುತ್ತೆ?”

ಅಡುಗೆಮನೆಯಿಂದ ಸೊಸೆ ಕಿವಿ ಮುಚ್ಚಿಕೊಂಡೇ ಬಂದಳು. “ಅಯ್ಯೋ, ತಟ್ಟೆ ಮೇಲೆ ಮೊಳೆ ಗೀರಿದ ಹಾಗಿದೆ. ನಿಮಗೆ ಕೇಳಿಸ್ತಿಲ್ವಾ ಮಾವ?”

ಕೇಳಿಸುತ್ತಿರಲಿಲ್ಲ. ವಯಸ್ಸು ಮೊದಲು ಕದಿಯುವುದು ಕೀಚಲು ಸದ್ದನ್ನೇ ಎಂದು ಅವರು ಬಲ್ಲರು. ಆ ಕಳ್ಳ ತಮ್ಮ ಮನೆಗೂ ಬಂದು ಹೋಗಿದ್ದು ಮಾತ್ರ ತಿಳಿದಿರಲಿಲ್ಲ. ಕನ್ನಡಕ ಒರೆಸಿ ಮತ್ತೆ ಮೂಗಿಗೇರಿಸಿದರು.

“ಹಾಗಾದ್ರೆ ಕೈ ನನ್ನದು, ಕಿವಿ ನಿನ್ನದು. ಕೂತ್ಕೊಳ್ಳಮ್ಮ.”

“ಒಲೆ ಮೇಲೆ ಪಾತ್ರೆ ಇದೆ.”

“ಇಳಿಸಿ ಬಾ.”

ದಾರ ಮುಗಿದ ಖಾಲಿ ರೀಲಿಗೆ ದಪ್ಪ ತಾಮ್ರದ ತಂತಿ ಸುತ್ತಿ, ಸ್ಪೀಕರಿಗೆ ಹೋಗುವ ದಾರಿಯಲ್ಲಿ ಸೇರಿಸಿದರು. ಸುರುಳಿ ದಪ್ಪ ಸದ್ದನ್ನು ಸಲೀಸಾಗಿ ಬಿಡುತ್ತದೆ, ಚೂಪಾದದ್ದನ್ನು ತಡೆಯುತ್ತದೆ. ತಡೆದದ್ದು ಆಂಪ್ಲಿಫೈಯರನ್ನು ಕಾಡದಿರಲೆಂದು ಪಕ್ಕದಲ್ಲೊಂದು ರೆಸಿಸ್ಟರ್, ಒಂದು ಕೆಪಾಸಿಟರ್. ಪ್ರತಿ ಸಲವೂ ಆಂಪ್ಲಿಫೈಯರ್ ಆರಿಸಿ, ಸುತ್ತು ಬದಲಿಸಿ, ಮತ್ತೆ ಹಚ್ಚಬೇಕು.

“ಇನ್ನೂ ಚುಚ್ಚುತ್ತೆ” ಎಂದಳು ಸೊಸೆ. ಇನ್ನಷ್ಟು ಸುತ್ತಿದರು.

“ಈಗ ಕಂಬಳಿ ಹೊದ್ದು ಅಳೋ ಹಾಗಿದೆ.”

“ಎಷ್ಟು ಬಿಚ್ಚಲಿ?”

“ಅದೆಲ್ಲ ನಂಗೆ ಗೊತ್ತಿಲ್ಲ. ಉಪ್ಪು ಹಾಕ್ತೀವಲ್ಲ, ಹಾಗೆ. ಒಂಚೂರು.”

ಒಂಚೂರು ಬಿಚ್ಚಿದರು. ಕ್ಷೌರಿಕ ಬಾರಿಸಿದ. ಗಿಟಾರ್ ಎಂದರೆ ಮೂಗು ಮುರಿಯುತ್ತಿದ್ದ ಸೊಸೆಯ ಕಾಲು ತನಗೇ ಅರಿವಿಲ್ಲದೆ ತಾಳ ಹಾಕತೊಡಗಿತು.

“ಸಾಕು. ಇನ್ನು ಮುಟ್ಟಬೇಡಿ.”

“ಹೇಗಿದೆ ಮಾವ?” ಎಂದ ಕ್ಷೌರಿಕ.

ಅವರಿಗೆ ಮೊದಲಿನದಕ್ಕೂ ಈಗಿನದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸ ತಿಳಿಯಲಿಲ್ಲ. ಆದರೆ ಎದುರಿನ ಎರಡು ಮುಖಗಳ ಬಿಗಿ ಸಡಿಲವಾದದ್ದು ಕಂಡಿತು. “ಅವಳನ್ನೇ ಕೇಳಪ್ಪ, ಇನ್ನು ಮೇಲೆ ಅವಳೇ ಮೇಸ್ತ್ರಿ” ಎಂದು ನಗುತ್ತ ಬೆಸುಗೆ ಹಾಕಿದರು.

ರಿಪೇರಿ ಮೇಜಿನ ಬಳಿ ಸೊಸೆಗೆಂದು ಎರಡನೇ ಸ್ಟೂಲು ಬಂತು. ಒಂದು ದಿನ ಅವರು ರಿಪೇರಿ ಮುಗಿಸಿ ಕಟ್ಟಿಟ್ಟಿದ್ದ ರೇಡಿಯೋವನ್ನು ಸೊಸೆ ಕಾಗದ ಬಿಚ್ಚಿ, ಹಚ್ಚಿ ನೋಡಿ ಅವರ ಮುಂದಿಟ್ಟಳು. “ಇದಿನ್ನೂ ಸಣ್ಣಗೆ ಸೀಟಿ ಹೊಡೀತಿದೆ ಮಾವ.”

“ಹೌದೇನಮ್ಮ?” ಎನ್ನುತ್ತ ಅವರು ಸಂತೋಷದಿಂದ ಸ್ಕ್ರೂಡ್ರೈವರ್ ಎತ್ತಿಕೊಂಡರು.