ಲೋಲಾ ವಿನ್ನಿಗೆ ಕಲಿಸಿದ ಮಾತು

ವ್ಯಾಲೆಹೊ ಊರಿನಲ್ಲಿ ಆರು ಹಾಸಿಗೆಯ ವೃದ್ಧರ ಮನೆಗಳನ್ನು ನಡೆಸುವವರು ಹೆಚ್ಚುಕಮ್ಮಿ ನಾವೇ, ಫಿಲಿಪೈನ್ಸ್‌ನವರು. ಸರ್ಕಾರದ ಇನ್ಸ್‌ಪೆಕ್ಟರು ವರ್ಷಕ್ಕೊಮ್ಮೆ ಹೇಳದೆ ಕೇಳದೆ ಬಂದು, ಮನೆಯ ಲೈಸೆನ್ಸ್ ಉಳಿಯಬೇಕೋ ಬೇಡವೋ ಎಂದು ನೋಡುತ್ತಾರೆ. ಅವರು ಬರುವ ಮೊದಲು ಮನೆಯನ್ನು ಸಜ್ಜು ಮಾಡಲು ಎಲ್ಲರೂ ಕರೆಸುತ್ತಿದ್ದದ್ದು ಮನಾಂಗ್ ಫೆಲಿಸಾಳನ್ನು. ನಮ್ಮ ಇಲೊಕೋಸ್ ಕಡೆ ಮನಾಂಗ್ ಎಂದರೆ ಅಕ್ಕ. ನಾನು ಅವಳಿಗಿಂತ ಎರಡು ವರ್ಷ ದೊಡ್ಡವನು. ಹೆದರಿಕೆಯಿಂದ ನಾನೂ ಅಕ್ಕ ಎಂದೇ ಕರೆಯುತ್ತಿದ್ದೆ. ನಲ್ಲಿ ರಿಪೇರಿಯ ಚೀಲ ಹೊತ್ತು ಹದಿನಾರು ವರ್ಷ ಅವಳ ಹಿಂದೆ ಓಡಿದ್ದೇನೆ.

ಇನ್ಸ್‌ಪೆಕ್ಟರ ಕಾರು ದೂರದ ಸ್ಯಾಕ್ರಮೆಂಟೊದಲ್ಲಿ ಸ್ಟಾರ್ಟ್ ಆದರೆ ಇಲ್ಲಿ ಫೆಲಿಸಾಳ ಎಡಗಿವಿ ತುರಿಸುತ್ತಿತ್ತು. ಬಿಸಿನೀರಿಗೆ ಬೆರಳಿಟ್ಟು, "ನೂರ ಇಪ್ಪತ್ತೆರಡು ಡಿಗ್ರಿ ಫ್ಯಾರನ್‌ಹೀಟ್. ಎರಡು ಇಳಿಸು" ಅನ್ನುವಳು, ಥರ್ಮಾಮೀಟರು ನಾಚಿಕೊಂಡು ಹೌದೆನ್ನುತ್ತಿತ್ತು. ಚಾಕು, ಕತ್ತರಿ, ಮಾತ್ರೆ, ಸೋಪಿನ ಪುಡಿ, ಎಲ್ಲಕ್ಕೂ ಬೀಗ. ಒಮ್ಮೆ ನಾನು ದಾರಿಗಡ್ಡವಾಗಿ ಎರಡು ನಿಮಿಷ ನಿಂತದ್ದಕ್ಕೆ ನನ್ನನ್ನೂ ಬೀರುವಿನಲ್ಲಿಟ್ಟು ಬೀಗ ಹಾಕುವುದರಲ್ಲಿದ್ದಳು.

ಅವಳ ಸೋದರ ಸೊಸೆ ನೆನಿತಾಳ ಮನೆಯಲ್ಲಿ ಲೋಲಾ ವಿನ್ನಿ ಇದ್ದಳು. ಲೋಲಾ ಎಂದರೆ ಅಜ್ಜಿ. ಬಿಳಿಯರ ಅಜ್ಜಿಯನ್ನೂ ನಾವು ಹಾಗೇ ಕರೆಯುವುದು. ಮೂವತ್ತು ವರ್ಷ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿದವಳು. ಮಗನ ಹೆಸರೇ ಮರೆತುಹೋಗಿತ್ತು, ದೂರು ಮಾತ್ರ ಒಂದೂ ಮರೆತಿರಲಿಲ್ಲ. ಸೂಪು ತಣ್ಣಗಿದೆ, ದಿಂಬು ಕಲ್ಲಾಗಿದೆ, ಪಕ್ಕದ ಕೋಣೆಯ ಮುದುಕನ ಗೊರಕೆಗೆ ಕೊಲ್ಲಿಯ ಹಡಗುಗಳು ದಾರಿ ತಪ್ಪುತ್ತಿವೆ. ಹಿಂದಿನ ವರ್ಷ ಗಲ್ಲಕ್ಕೆ ಮೊಟ್ಟೆಯ ಚೂರು ಅಂಟಿಸಿಕೊಂಡೇ ಇನ್ಸ್‌ಪೆಕ್ಟರ ಹತ್ತಿರ, "ಮೂರು ದಿನದಿಂದ ಊಟ ಹಾಕಿಲ್ಲ" ಎಂದಿದ್ದಳು. ಅವರು ಬರೆದುಕೊಂಡರು. ವಿಚಾರಣೆ ಎರಡು ತಿಂಗಳು ನಡೆಯಿತು.

"ಈ ವರ್ಷಾನೂ ಅಜ್ಜಿ ಬಾಯಿ ಬಿಟ್ರೆ ನನ್ನ ಮನೆ ಮುಚ್ಚಿಸ್ತಾರೆ, ಅತ್ತೆ. ಆರೂ ಜನಾನ ಎಲ್ಲಿಗೆ ಕಳಿಸ್ಲಿ?" ಎಂದು ನೆನಿತಾ ಅತ್ತಳು.

"ಬಾಯಿ ಮುಚ್ಚಿಸೋಕಾಗಲ್ಲ ಕಣೇ. ಬೇರೆ ಮಾತು ತುಂಬಿಸಬಹುದು."

ಮರುದಿನದಿಂದ ಸಂಜೆ ನಾಲ್ಕಕ್ಕೆ ಪಾಠ. ಫೆಲಿಸಾಳ ಕೈಯಲ್ಲಿ ಒಂದು ಬಟ್ಟಲು ಲೆಚೆ ಫ್ಲಾನ್. ಹಾಲು ಮೊಟ್ಟೆಯ ಆ ಸಿಹಿಯನ್ನು ಅವಳಷ್ಟು ಚೆನ್ನಾಗಿ ಮಾಡುವವರಿಲ್ಲ.

"ಹೇಗಿದ್ದೀರಿ, ಲೋಲಾ?"

"ಸೂಪು ತಣ್ಣಗಿತ್ತು."

"ಉಹೂಂ. 'ಎಲ್ಲಾ ಚೆನ್ನಾಗಿದೆ, ನನಗೇನೂ ಕೊರತೆ ಇಲ್ಲ' ಅನ್ನಿ."

"ಇಷ್ಟು ದೊಡ್ಡ ಸುಳ್ಳಿಗೆ ಒಂದೇ ಚಮಚಾನಾ?"

"ಎರಡು ಕೊಡ್ತೀನಿ, ಅನ್ನಿ."

"ಗಿಳಿಗೆ ಪಾಠಾನಾ, ಮನಾಂಗ್?" ಎಂದೆ ನಾನು.

"ನೀನು ನಲ್ಲಿ ನೋಡ್ಕೋ ಹೋಗು, ಮುದುಕಪ್ಪಾ."

ನಾನು ನಕ್ಕೆ.

ನಲವತ್ತು ದಿನ ಪಾಠ ನಡೆಯಿತು. ಮಗನ ಹೆಸರೂ ನಿಲ್ಲದ ಆ ತಲೆಯಲ್ಲಿ ಈ ಮಾತು ನಿಂತುಬಿಟ್ಟಿತು.

ಇನ್ಸ್‌ಪೆಕ್ಟರು ಬಂದರು. ನೆನಿತಾ ನೂಡಲ್ಸ್ ತಂದಿಟ್ಟಳು, ಲುಂಪಿಯಾ ಸುರುಳಿಗಳ ಗುಡ್ಡ ತಂದಿಟ್ಟಳು; ಆ ಮಹಾರಾಯ ನೀರು ಕೂಡ ಮುಟ್ಟಲಿಲ್ಲ. ನೇರ ಲೋಲಾ ವಿನ್ನಿಯ ಮುಂದೆ ಹೋಗಿ ಕುಳಿತರು. ಅಜ್ಜಿ ಬೆನ್ನು ನೆಟ್ಟಗೆ ಮಾಡಿ, "ಎಲ್ಲಾ ಚೆನ್ನಾಗಿದೆ, ನನಗೇನೂ ಕೊರತೆ ಇಲ್ಲ" ಎಂದಳು. ಅವರ ವರದಿಯಲ್ಲಿ ಒಂದು ಲೋಪವೂ ಬೀಳಲಿಲ್ಲ. ಆ ದಿನ ಲುಂಪಿಯಾ ತಿಂದು ತಿಂದು ನಾನು ಮೂರು ಬಾಗಿಲಲ್ಲಿ ಅಡ್ಡಡ್ಡ ನುಗ್ಗಬೇಕಾಯಿತು.

ತಿಂಗಳಾದ ಮೇಲೆ ಲೋಲಾ ವಿನ್ನಿ ತಟ್ಟೆ ಹಾಗೇ ಬಿಡತೊಡಗಿದಳು. ಆರೈಕೆಯ ಹುಡುಗಿಯರು, "ಏನಾಯ್ತು ಲೋಲಾ?" ಎಂದು ಕೇಳಿದರೆ, ಎಲ್ಲಾ ಚೆನ್ನಾಗಿದೆ. "ನೋವಾ?" ಎಂದರೆ, ಕೊರತೆ ಇಲ್ಲ. ಅಜ್ಜಿ ಕೊನೆಗೂ ಹೊಂದಿಕೊಂಡಳಲ್ಲ ಎಂದು ಅವರಿಗೂ ಸಮಾಧಾನ. ಐದನೆಯ ದಿನ ಫೆಲಿಸಾ ಬಂದಾಗ ಅಜ್ಜಿಯ ಒಂದು ಕೆನ್ನೆ ಬಾತು ಕೆಂಡವಾಗಿತ್ತು. ಹಲ್ಲಿನ ಬೇರಿನಲ್ಲಿ ಕೀವಾಗಿ ದವಡೆಗೆ ಇಳಿದಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಬಾವನ್ನು ಒತ್ತಿ, "ಇಲ್ಲಿ ನೋವಿದೆಯಾ?" ಎಂದರು. ಅಜ್ಜಿಯ ಕಣ್ಣಿಂದ ನೀರು ಸುರಿಯುತ್ತಿತ್ತು; ಬಾಯಿ ಮಾತ್ರ ಪಾಠ ಒಪ್ಪಿಸಿತು.

ಹೊರಗೆ ಬೆಂಚಿನ ಮೇಲೆ ಫೆಲಿಸಾ, "ಐದು ದಿನ ನೋವು ತಿಂದ್ಲು. ಹೇಳೋ ಮಾತನ್ನೇ ನಾನು ಕಿತ್ತುಹಾಕಿದ್ದೆ" ಎಂದಳು.

ಮೂರು ಹಲ್ಲು ಕಿತ್ತರು, ಅಜ್ಜಿ ಬದುಕಿ ಮನೆಗೆ ಬಂದಳು. ಫೆಲಿಸಾ ಅಂದಿನಿಂದ ಯಾರ ಮನೆಯನ್ನೂ ಸಜ್ಜು ಮಾಡಲು ಹೋಗಿಲ್ಲ. ಸಂಜೆ ನಾಲ್ಕಕ್ಕೆ ಮಾತ್ರ ಹೋಗುತ್ತಾಳೆ. ಒಂದು ಕೈಯಲ್ಲಿ ಬೇಕೆಂದೇ ಕೆಡಿಸಿದ ಸೂಪು, ಇನ್ನೊಂದರಲ್ಲಿ ಲೆಚೆ ಫ್ಲಾನ್.

ಮೊನ್ನೆ ನಾನೂ ಹೋಗಿದ್ದೆ. ಸೂಪು ಮಂಜಿನಷ್ಟು ತಣ್ಣಗಿತ್ತು. ಅದಕ್ಕೆ ಹಾಕಿದ ಉಪ್ಪಿಗೆ ಸಮುದ್ರವೇ ಹೊಟ್ಟೆಕಿಚ್ಚು ಪಡಬೇಕು. ಒಂದು ಗುಟುಕಿಗೆ ಅಜ್ಜಿಯ ಮುಖ ಹಿಂಡಿದ ನಿಂಬೆಯಾಯಿತು.

ಫೆಲಿಸಾ ಮುಂದೆ ಬಾಗಿದಳು. "ಕೆಟ್ಟದಾಗಿದೆ ಅಲ್ವಾ, ಲೋಲಾ? ಬೈರಿ ನನ್ನ. ಒಂದು ಬೈಗುಳಕ್ಕೆ ನಾಲ್ಕು ಚಮಚ ಕೊಡ್ತೀನಿ."

ಲೋಲಾ ವಿನ್ನಿ ಸೂಪಿನ ಬಟ್ಟಲನ್ನು ಪಕ್ಕಕ್ಕೆ ತಳ್ಳಿದಳು.

"ಎಲ್ಲಾ ಚೆನ್ನಾಗಿದೆ, ನನಗೇನೂ ಕೊರತೆ ಇಲ್ಲ" ಎಂದು ಹೇಳಿ, ಸಿಹಿಗಾಗಿ ಬಾಯಿ ತೆರೆದಳು.

ಫೆಲಿಸಾ ಚಮಚ ತುಂಬಿ ಕೊಟ್ಟಳು.