ಹಾಲಪ್ಪ ಮೇಸ್ತ್ರಿ ಬ್ಯಾಡ ಅಂದ ಕಪ್ಪು ಕಾರು

ಹಾಲಪ್ಪ ಮೇಸ್ತ್ರಿ ಇಂಜಿನ್ನಿನ ಸದ್ದನ್ನು ಹಲ್ಲಿನಿಂದ ಕೇಳುತ್ತಿದ್ದರು. ಲಾರಿ, ಜೀಪು, ಟ್ರ್ಯಾಕ್ಟರುಗಳ ಅಬ್ಬರದ ನಡುವೆ ನಲವತ್ತು ವರ್ಷ ನಿಂತು ಅವರ ಕಿವಿ ಮಂದವಾಗಿತ್ತು. ಹಾಗಾಗಿ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಇಂಜಿನ್ನಿಗೆ ತಾಗಿಸಿ, ಹಿಡಿಯನ್ನು ಹಲ್ಲಲ್ಲಿ ಕಚ್ಚಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಒಂದು ನಿಮಿಷ ಕಳೆದ ಮೇಲೆ ಸ್ಕ್ರೂಡ್ರೈವರನ್ನು ಅಂಗಿಗೆ ಒರೆಸಿಕೊಂಡು, "ಎರಡನೇದು ದಮ್ಮು ಕಟ್ಟಾಕ ಹತ್ತೈತಿ" ಎನ್ನುತ್ತಿದ್ದರು. ಬಿಚ್ಚಿ ನೋಡಿದರೆ ತೊಂದರೆ ಎರಡನೇ ಸಿಲಿಂಡರಿನಲ್ಲೇ ಇರುತ್ತಿತ್ತು.

ಕೊಟ್ಟೂರಿನಿಂದ ಹರಪನಹಳ್ಳಿಗೆ ಹೋಗುವ ರಸ್ತೆಯಲ್ಲಿ ಅವರ ತಗಡಿನ ಶೆಡ್ಡು. ಬೆಳಿಗ್ಗೆ ಬಂದವರೇ ನೆಲಕ್ಕೆ ನೀರು ಚಿಮುಕಿಸಿ, ತಾವೇ ಕಸ ಹೊಡೆದು, ಆಮೇಲೆ ಕೆಲಸ ಹಿಡಿಯುತ್ತಿದ್ದರು. ಬಿಚ್ಚಿದ ಹಳೇ ಸಾಮಾನನ್ನು ಪೇಪರಿನಲ್ಲಿ ಸುತ್ತಿ ಗಾಡಿಯವರ ಕೈಗೇ ಕೊಡುತ್ತಿದ್ದರು. ಬೇಡವೆಂದರೂ ಬಿಡುತ್ತಿರಲಿಲ್ಲ. "ನಿನ್ನ ಸಾಮಾನು. ನೀ ಒಯ್ದು ಬೇಕಾದ್ರ ತಿಪ್ಪಿಗಿ ಒಗಿ" ಅನ್ನುವರು. ಯಾವ ಗಾಡಿ ಬಂದರೂ ಆಗುವುದಿಲ್ಲ ಎಂದವರಲ್ಲ. "ನಾಳಿ ಬಾ" ಎನ್ನುತ್ತಿದ್ದರು. ಆ ನಾಳೆ ಒಮ್ಮೊಮ್ಮೆ ಎಂಟು ದಿನಕ್ಕೆ ಬರುತ್ತಿತ್ತು, ಅಷ್ಟೇ.

ನನ್ನದು ಕೊಟ್ಟೂರಿನಲ್ಲೇ ಒಂದು ಫೋಟೋ ಸ್ಟುಡಿಯೋ. ಕೂಡ್ಲಿಗಿಯಿಂದ ಹಡಗಲಿಯವರೆಗೆ ಮದುವೆಗಳ ಫೋಟೋ ತೆಗೆಯುವುದು ನನ್ನ ಕೆಲಸ. ಅದಕ್ಕೆಂದು ಇಟ್ಟುಕೊಂಡಿದ್ದ ಹಳೇ ಬಿಳಿ ವ್ಯಾನನ್ನು ಮೇಸ್ತ್ರಿಯೇ ಬದುಕಿಸಿಕೊಂಡು ಬಂದಿದ್ದರು. ಒಮ್ಮೆ ಮೈಲಾರದ ಕಡೆಯ ಮದುವೆಗೆ ಹೊರಟಾಗ ಹಡಗಲಿ ದಾಟಿದ ಮೇಲೆ ನೀರಿನ ಪೈಪು ಒಡೆದು ವ್ಯಾನು ನಿಂತುಬಿಟ್ಟಿತು. ಅಕ್ಷತೆಗೆ ಮೂರು ತಾಸು ಉಳಿದಿತ್ತು. ಫೋನು ಮಾಡಿದೆ. ಮೇಸ್ತ್ರಿ ಸಿಕ್ಕ ಬಸ್ಸು ಹತ್ತಿ, ಕೈಚೀಲ ಹಿಡಿದು ಬಂದಿಳಿದರು. ಸೈಕಲ್ ಟ್ಯೂಬನ್ನು ಸೀಳಿ ಪೈಪಿಗೆ ಬಿಗಿಯಾಗಿ ಸುತ್ತಿ, ನೀರು ಹಾಕಿಸಿ, ನನ್ನ ಪಕ್ಕದಲ್ಲೇ ಕೂತು ಮದುವೆ ಮನೆ ಮುಟ್ಟಿಸಿದರು. ನಾನು ಮದುಮಕ್ಕಳ ಫೋಟೋ ತೆಗೆಯುತ್ತಿದ್ದಾಗ ಅವರು ಮೊದಲ ಪಂಕ್ತಿಯಲ್ಲಿ ಕೂತು ನೆಮ್ಮದಿಯಾಗಿ ಗೋಧಿ ಹುಗ್ಗಿ ಉಣ್ಣುತ್ತಿದ್ದರು.

ಇಂಥವರ ಮೇಲೆ ನನಗೆ ಸಿಟ್ಟು ಬಂದದ್ದು ಒಂದೇ ಒಂದು ಸಲ, ಒಂದು ಕಾರಿನ ಕಾರಣಕ್ಕೆ.

ಹರಪನಹಳ್ಳಿಯ ದೊಡ್ಡ ಕಲ್ಯಾಣ ಮಂಟಪವೊಂದಕ್ಕೆ ಮದುವೆಯ ಫೋಟೋ ಕೆಲಸ ಮಾತಾಡಲು ಹೋಗಿದ್ದೆ. ಗೇಟಿನವನು ನನ್ನ ವ್ಯಾನನ್ನು ನೋಡಿ, ಅಡುಗೆಯವರ ಗಾಡಿಗಳು ನಿಲ್ಲುವ ಹಿಂಬದಿಗೆ ಕಳಿಸಿದ. ನನ್ನ ಹಿಂದೆಯೇ ದೊಡ್ಡ ಕಾರಿನಲ್ಲಿ ಬಂದ ಬೇರೆ ಊರಿನ ಫೋಟೋಗ್ರಾಫರನನ್ನು ಹುಡುಗಿಯ ತಂದೆ ತಾವೇ ಬಂದು ಒಳಗೆ ಕರೆದೊಯ್ದರು. ನಾನು ಹಿಂಬಾಗಿಲಿನಿಂದ ಸುತ್ತಿಕೊಂಡು ಹೋಗುವಷ್ಟರಲ್ಲಿ ಕೆಲಸ ಅವನ ಪಾಲಾಗಿತ್ತು. ಅವನ ಆಲ್ಬಮ್ಮನ್ನು ನಾನು ನೋಡಿದ್ದೆ. ನನ್ನದಕ್ಕಿಂತ ಹೆಚ್ಚೇನೂ ಇರಲಿಲ್ಲ.

ಅದಾಗಿ ಸ್ವಲ್ಪ ದಿನಕ್ಕೆ ಹೊಸಪೇಟೆಯ ನಿವೃತ್ತ ಡಾಕ್ಟರೊಬ್ಬರು ತಮ್ಮ ಕಪ್ಪು ಜರ್ಮನ್ ಕಾರು ಮಾರುತ್ತಾರೆಂದು ತಿಳಿಯಿತು. ಕಾರು ಹತ್ತು ವರ್ಷದ್ದು, ಎರಡು ಲಕ್ಷ ಕಿಲೋಮೀಟರ್ ಓಡಿತ್ತು. ಹೊಸದಿದ್ದಾಗ ಅದರ ಬೆಲೆಗೆ ಕೊಟ್ಟೂರಿನಲ್ಲಿ ಎರಡಂತಸ್ತಿನ ಮನೆ ಬರುತ್ತಿತ್ತು. ಈಗ ಡಾಕ್ಟರು ಕೇಳುತ್ತಿದ್ದದ್ದು ಒಂದು ಸಣ್ಣ ಹೊಸ ಕಾರಿನ ಬೆಲೆ. ಸ್ಟುಡಿಯೋಕ್ಕೆ ಸ್ವಂತ ಮಳಿಗೆ ಕೊಳ್ಳಲೆಂದು ನಾನೂ ಹೆಂಡತಿ ಗಿರಿಜಾಳೂ ಕೂಡಿಟ್ಟಿದ್ದ ಹಣ ಸರಿಯಾಗಿ ಅದಕ್ಕೆ ಹೊಂದುತ್ತಿತ್ತು.

"ಕಾರೇನು ಫೋಟೋ ತೆಗಿತೈತೇನ್ರಿ?" ಎಂದಳು ಗಿರಿಜಾ. ನಾನು ಹರಪನಹಳ್ಳಿಯ ಗೇಟಿನ ಕತೆಯನ್ನು ಮತ್ತೊಮ್ಮೆ ಹೇಳಿದೆ. ಅವಳು, "ಮೇಸ್ತ್ರಿನ ಕರಕೊಂಡು ಹೋಗ್ರಿ. ಅವರು ಹೂಂ ಅಂದ್ರ ನಾ ಏನೂ ಅನ್ನಾಂಗಿಲ್ಲ" ಎಂದಳು. ನಾನು ಒಪ್ಪಿದೆ.

ಆ ದಿನ ಮೇಸ್ತ್ರಿ ಒಗೆದ ಬಿಳಿ ಅಂಗಿ ತೊಟ್ಟು ಬಂದಿದ್ದರು. ಡಾಕ್ಟರ ಅಂಗಳದಲ್ಲಿ ಪೇಪರು ಹಾಸಿ, ಆ ಅಂಗಿಯಲ್ಲೇ ಕಾರಿನ ಕೆಳಗೆ ಮಲಗಿದರು. ಟಾರ್ಚು ಹಿಡಿದು ಚಾಸಿಯ ಉದ್ದಕ್ಕೂ ನೋಡಿದರು, ಡಿಕ್ಕಿಯ ಚಾಪೆ ಎತ್ತಿ ಮೂಸಿದರು, ಕೊನೆಗೆ ಸ್ಕ್ರೂಡ್ರೈವರನ್ನು ಹಲ್ಲಲ್ಲಿ ಹಿಡಿದು ತುಂಬಾ ಹೊತ್ತು ನಿಂತರು. ಡಾಕ್ಟರು ಬೆರಗಾಗಿ ನೋಡುತ್ತಿದ್ದರು. ಆಮೇಲೆ ಚಹಾ ತರಿಸಿ, "ಓಡಿಸಿ ನೋಡ್ರಿ" ಎಂದು ಕೀ ಕೊಟ್ಟರು.

ಮರಿಯಮ್ಮನಹಳ್ಳಿಯವರೆಗೆ ಮೇಸ್ತ್ರಿಯೇ ಓಡಿಸಿದರು. ಹದಿನೈದು ವರ್ಷದ ಒಡನಾಟದಲ್ಲಿ ಅವರ ಮುಖವನ್ನು ಹಾಗೆ ಕಂಡಿರಲಿಲ್ಲ. ಗೇರು ತಾನೇ ಬದಲಾದಾಗಲೆಲ್ಲ ತುಟಿಯ ಮೂಲೆಯಲ್ಲಿ ಸಣ್ಣ ನಗು ಬರುತ್ತಿತ್ತು. ತಿರುಗಿ ಬರುವಾಗ ರಸ್ತೆ ಪಕ್ಕದ ಬೇವಿನ ಮರದ ಕೆಳಗೆ ನಿಲ್ಲಿಸಿ, ಇಂಜಿನ್ ಆರಿಸಿ, ಎರಡೂ ಕೈ ಸ್ಟೇರಿಂಗಿನ ಮೇಲಿಟ್ಟುಕೊಂಡು ಕೂತರು.

"ಗಾಡಿ ಹೆಂಗೈತ್ರಿ?" ಎಂದು ಅವರಿಗೆ ಕೇಳುವಂತೆ ಗಟ್ಟಿಯಾಗಿ ಕೇಳಿದೆ.

"ಭಾಳ ಚಲೋ ಐತಿ. ಡಾಕ್ಟರು ಮಗಳ ಹಂಗ ನೋಡಿಕೊಂಡಾರ."

"ಹಂಗಾದ್ರ ತಗೊಳ್ಳೋಣಲ್ರಿ?"

"ಬ್ಯಾಡ."

ನನಗೆ ಅರ್ಥವಾಗಲಿಲ್ಲ. ಅವರು ನನ್ನ ಕಡೆ ತಿರುಗಿ ಹೇಳಿದರು: "ಎರಡು ಲಕ್ಷ ಓಡೈತಿ. ಇನ್ನಮ್ಯಾಲ ಇದು ಒಂದೊಂದ ಸಾಮಾನು ಕೇಳ್ತೈತಿ. ಕೇಳಿದ್ದು ಕೊಡಾಕ ನಿನ್ನ ಕಡಿ ರೊಕ್ಕ ಇಲ್ಲ, ನನ್ನ ಕಡಿ ವಿದ್ಯಾ ಇಲ್ಲ. ಇದರ ಹೊಟ್ಟ್ಯಾಗ ಪೂರಾ ವೈರು, ಕಂಪ್ಯೂಟರು. ನನ್ನ ಕೈಲೆ ಆಗಂಗಿಲ್ಲ, ಕೊಟ್ರೇಶಿ."

ಆ ಮಾತು ಅವರ ಬಾಯಿಂದ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅದನ್ನು ಹೇಳಲು ಅವರಿಗೆಷ್ಟು ಕಷ್ಟವಾಗಿರಬೇಕೆಂದು ಈಗ ಹೊಳೆಯುತ್ತದೆ. ಆಗ ನನ್ನ ಕಣ್ಣಿಗೆ ಕಾಣುತ್ತಿದ್ದದ್ದು ಕಲ್ಯಾಣ ಮಂಟಪದ ಗೇಟು ಮಾತ್ರ. "ನಿಮ್ಮ ಕೈಲೆ ಆಗದಿದ್ರ ಹುಬ್ಬಳ್ಳ್ಯಾಗ ಮಾಡೋರು ಅದಾರ" ಎಂದುಬಿಟ್ಟೆ. ಕಿವಿ ಮಂದವಾಗಿದ್ದರೂ ಅದು ಅವರಿಗೆ ಕೇಳಿಸಿತು. ಕಾರು ಚಾಲೂ ಮಾಡಿದರು. ಡಾಕ್ಟರಿಗೆ ಕೀ ಒಪ್ಪಿಸಿ ನಮ್ಮ ವ್ಯಾನಿನಲ್ಲಿ ಹಗರಿಬೊಮ್ಮನಹಳ್ಳಿ ದಾಟಿ ಕೊಟ್ಟೂರಿಗೆ ಬಂದೆವು.

ನಾನು ಡಾಕ್ಟರಿಗೆ ಫೋನು ಮಾಡಲಿಲ್ಲ. ಗಿರಿಜಾಳಿಗೆ ಕೊಟ್ಟ ಮಾತಿತ್ತು. ತಿಂಗಳೊಳಗೆ ಆ ಕಾರನ್ನು ಹಡಗಲಿಯ ಟೈಲ್ಸ್ ಅಂಗಡಿಯವರೊಬ್ಬರು ಕೊಂಡರು. ನಾನು ಮತ್ತೆ ಮೇಸ್ತ್ರಿಯ ಶೆಡ್ಡಿಗೇ ಹೋದೆ. ಅವರೂ ಎಂದಿನಂತೆ "ನಾಳಿ ಬಾ" ಎಂದರು. ಆದರೂ ಹಡಗಲಿ ರಸ್ತೆಯಲ್ಲಿ ಆ ಕಪ್ಪು ಕಾರು ನನ್ನ ವ್ಯಾನನ್ನು ಸದ್ದಿಲ್ಲದೆ ದಾಟಿಹೋದಾಗಲೆಲ್ಲ ಮೇಸ್ತ್ರಿಯನ್ನು ಮನಸ್ಸಿನಲ್ಲೇ ಬೈದುಕೊಂಡಿದ್ದೇನೆ.

ಮೂರು ವರ್ಷ ಕಳೆದವು. ಒಂದು ಬೆಳಿಗ್ಗೆ ಸ್ಟುಡಿಯೋದ ಬಾಗಿಲಲ್ಲಿ ಮೇಸ್ತ್ರಿ ನಿಂತಿದ್ದರು. ಕೆಲಸದ ಹೊತ್ತಿನಲ್ಲಿ ಶೆಡ್ಡು ಬಿಟ್ಟು ಬರುವವರಲ್ಲ. ಸೀಮೆಎಣ್ಣೆ ಹಚ್ಚಿ ತಿಕ್ಕಿ ತೊಳೆದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದವರಂತೆ ಹಿಂದೆ ಕಟ್ಟಿಕೊಂಡಿದ್ದರು.

"ನಿನ್ನೆ ಹಡಗಲಿಯಾತ ಶೆಡ್ಡಿನ ಮುಂದ ನಿಂತಿದ್ದ, ಗಾಳಿ ಹಾಕಸಾಕ. ಕೇಳಿದೆ. ಮೂರು ವರ್ಷದಾಗ ಟೈರು, ಬ್ಯಾಟರಿ ಬಿಟ್ರ ಆ ಗಾಡಿ ಏನೂ ಕೇಳಿಲ್ಲಂತ. ನಾ ತಪ್ಪಿದೆ, ಕೊಟ್ರೇಶಿ."

"ಹೋಗ್ಲಿ ಬಿಡ್ರಿ" ಎಂದೆ.

"ಪೂರಾ ಕೇಳು. ಆವತ್ತು ನಾ ಹೇಳಿದ್ರಾಗ ಅರ್ಧ ಖರೆ. ಇನ್ನರ್ಧ ಹೇಳಿಲ್ಲ. ಆ ಗಾಡಿ ತಗೊಂಡಿದ್ರ ನೀ ಹುಬ್ಬಳ್ಳಿಗಿ ಹೋಗ್ತಿದ್ದಿ. ನನ್ನ ಶೆಡ್ಡಿಗಿ ಬರಾಕ ನಿನಗೇನು ಕೆಲಸ ಇರ್ತಿತ್ತು? ಒಬ್ಬೊಬ್ಬರಾಗಿ ಎಲ್ಲಾರೂ ಹೊಸಾ ಗಾಡಿ ತಗೊಂಡು ಹೋದ್ರು. ನೀನಾದ್ರೂ ಇರ್ಲಿ ಅನ್ನಿಸ್ತು."

ಮೂರು ವರ್ಷದ ಸಿಟ್ಟನ್ನು ಎಲ್ಲಿ ಇಟ್ಟಿದ್ದೆನೋ ಹುಡುಕಿದರೂ ಸಿಗಲಿಲ್ಲ. ಅವರ ತೋಳು ಹಿಡಿದು ಒಳಗೆ ಕರೆದು, ಕುರ್ಚಿ ಎಳೆದೆ. "ಕುಂದರ್ರಿ. ಆ ರೊಕ್ಕದಾಗ ತಗೊಂಡ ಮಳಗಿ ಇದು. ಬಾಡಿಗಿ ತಪ್ಪೈತಿ" ಎಂದು ಕೂಗಿ ಹೇಳಿದೆ. ಅವರು ಗೋಡೆ, ಸೂರು, ದೀಪಗಳನ್ನೆಲ್ಲ ನಿಧಾನವಾಗಿ ನೋಡಿದರು. ಗಿರಿಜಾ ಕೊಟ್ಟ ಚಹಾ ಕುಡಿದು, "ಹಂಗಾದ್ರ ಪೂರಾ ತಪ್ಪಿಲ್ಲ" ಎಂದು ಎದ್ದು ಹೋದರು.

ನಾನು ಅವರನ್ನು ಕೊನೆಯ ಸಲ ನೋಡಿದ್ದು ಹೋದ ಬೇಸಿಗೆಯಲ್ಲಿ, ಅವರ ಮನೆಯಲ್ಲಿ. ಉಸಿರಿನ ತೊಂದರೆ ಹೆಚ್ಚಾಗಿ ಶೆಡ್ಡಿಗೆ ಬೀಗ ಬಿದ್ದಿತ್ತು. ಕಿವಿ ಪೂರ್ತಿ ಹೋಗಿತ್ತು. ನಾನು ಹೇಳಬೇಕಾದದ್ದನ್ನು ಫೋನಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ತೋರಿಸುತ್ತಿದ್ದೆ.

"ವ್ಯಾನ್ ಮಾರಿಬಿಡು" ಎಂದರು ಅವರಾಗಿಯೇ. "ನಾ ಇಲ್ಲದಾಗ ಅದು ನಿನ್ನ ದಾರ್ಯಾಗ ಕೂಡಸ್ತೈತಿ."

ಯಾವ ಗಾಡಿ ತಗೊಳ್ಳಲಿ ಎಂದು ಬರೆದು ತೋರಿಸಿದೆ. ಫೋನನ್ನು ದೂರ ಹಿಡಿದು ಓದಿಕೊಂಡರು.

"ನಿನಗ ಹಿಡಿಸಿದ್ದು ತಗೋ. ಇನ್ನಮ್ಯಾಲ ನನ್ನ ಕೇಳಬ್ಯಾಡ."

ಹದಿನೈದು ದಿನಕ್ಕೆ ಮೇಸ್ತ್ರಿ ಹೋದರು. ಅವರು ಹೇಳಿದಂತೆ ವ್ಯಾನನ್ನು ಮಾರಿದೆ. ಹೊಸದನ್ನು ಮಾತ್ರ ಇನ್ನೂ ಕೊಂಡಿಲ್ಲ. ಶೋರೂಮಿಗೆ ಹೋಗುತ್ತೇನೆ, ಕೂತು ನೋಡುತ್ತೇನೆ, ಎಲ್ಲವೂ ಹಿಡಿಸುತ್ತವೆ. ಅಲ್ಲಿನ ಹುಡುಗರು ಫಾರಂ ಮುಂದಿಟ್ಟಾಗ, ಒಬ್ಬರನ್ನು ಕೇಳಿ ಹೇಳುತ್ತೇನೆ ಎಂದು ಎದ್ದು ಬರುತ್ತೇನೆ.